ಹಿಮದ ನಾಡಿನ ಕೊಟ್ಟಿಗೆಯಲ್ಲಿ

ಅಲಾಸ್ಕಾದ ಆಂಕರೇಜ್ ವಿಮಾನ ನಿಲ್ದಾಣದ ಬಾಗಿಲು ದಾಟಿ ಮೊದಲ ಉಸಿರು ಎಳೆದುಕೊಂಡೆ. ಮೂಗಿನೊಳಗಿನ ಕೂದಲೆಲ್ಲ ಒಮ್ಮೆಗೇ ಸೆಟೆದು ಮುಳ್ಳಿನಂತಾದವು. ಉಸಿರು ಬಿಟ್ಟೆ. ಅದು ಕನ್ನಡಕದ ಗಾಜಿನ ಮೇಲೆ ಕೂತು ಅಲ್ಲೇ ಹೆಪ್ಪುಗಟ್ಟಿತು. "ಮಾಮಾ, ಬಾಯಿಲೆ ಉಸರಾಡಬ್ಯಾಡ್ರಿ. ಎರಡು ದಿನ ತಡ್ಕೋರಿ, ರೂಢಿ ಆಗತೈತಿ" ಎಂದು ಅಕ್ಕನ ಮಗ ನನ್ನ ಕೊರಳಿಗೆ ಉಣ್ಣೆಯ ಪಟ್ಟಿ ಸುತ್ತಿದ. ಫೆಬ್ರುವರಿಯ ಕೊನೆಯ ವಾರ. ನಮ್ಮ ಹಾವೇರಿಯಲ್ಲಿ ಈ ಹೊತ್ತಿಗೆ ಬಿಸಿಲು ಚುರುಕಾಗಿರುತ್ತದೆ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳು ಸಾಲುಗಟ್ಟಿರುತ್ತವೆ. ಇಲ್ಲಿ ಹಗಲಿನಲ್ಲೇ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ.

ನಾನು ಇಷ್ಟು ದೂರ ಬಂದದ್ದು ನಾಯಿಗಳ ಓಟ ನೋಡಲು. ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ಶನಿವಾರ ಅಲಾಸ್ಕಾದಲ್ಲಿ ಇಡಿಟರಾಡ್ ಎಂಬ ಓಟ ಶುರುವಾಗುತ್ತದೆ. ಒಂದು ಸ್ಲೆಡ್, ಅಂದರೆ ಚಕ್ರವಿಲ್ಲದೆ ಹಿಮದ ಮೇಲೆ ಜಾರುವ ಹಗುರ ಬಂಡಿ. ಅದರ ಮುಂದೆ ಜೋಡಿ ಜೋಡಿಯಾಗಿ ಕಟ್ಟಿದ ಹದಿನಾಲ್ಕೋ ಹದಿನಾರೋ ನಾಯಿಗಳು. ಹಿಂದೆ ನಿಂತ ಒಬ್ಬ ಮನುಷ್ಯ. ದೂರ ಸುಮಾರು ಸಾವಿರ ಮೈಲಿ, 1,600 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹಾವೇರಿಯಿಂದ ಬೆಂಗಳೂರಿಗೆ ಹೋಗಿ ಬಂದು, ಮತ್ತೆ ಹೋಗಿ ಬಂದು, ಇನ್ನೊಮ್ಮೆ ಹೋದಷ್ಟು. ಎರಡು ಪರ್ವತಶ್ರೇಣಿ, ಹೆಪ್ಪುಗಟ್ಟಿದ ಯೂಕಾನ್ ನದಿ, ಬೇರಿಂಗ್ ಸಮುದ್ರದ ದಂಡೆ ದಾಟಿ ನೋಮ್ ಎಂಬ ಊರು ಸೇರಬೇಕು. ದೀಪಾವಳಿಯ ಹೋರಿ ಹಬ್ಬವನ್ನೂ ಕಾರ ಹುಣ್ಣಿಮೆಯ ಕರಿಯನ್ನೂ ನೋಡುತ್ತ ಬೆಳೆದವನಿಗೆ ಪ್ರಾಣಿಗಳ ಓಟ ಹೊಸದಲ್ಲ. ಆದರೆ ನಮ್ಮದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಒಂಬತ್ತು ಹತ್ತು ದಿನ ಹಗಲು ರಾತ್ರಿ ನಡೆಯುವ ಓಟಕ್ಕೆ ಒಬ್ಬ ಮನುಷ್ಯ ನಾಯಿಗಳನ್ನು ಸಾಕುವುದು ಹೇಗೆ, ಕಲಿಸುವುದು ಹೇಗೆ, ಅದನ್ನೇ ಬದುಕು ಮಾಡಿಕೊಳ್ಳುವುದು ಹೇಗೆ ಎಂಬ ಕುತೂಹಲ ನನ್ನದು.

ಮೊದಲ ನಿಲುಗಡೆ ವಸಿಲ್ಲಾ. ಆಂಕರೇಜಿನಿಂದ ಉತ್ತರಕ್ಕೆ ಒಂದು ಗಂಟೆಯ ದಾರಿ. ಓಟದ ಕಚೇರಿ ಇರುವ ಮರದ ದಿಮ್ಮಿಗಳ ಮನೆಯೊಳಗೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ನಾಯಿ ನಿಂತಿದೆ. ಟೋಗೋ. ಸತ್ತು ದಶಕಗಳಾದರೂ ಚರ್ಮ ಹದಮಾಡಿ ನಿಲ್ಲಿಸಿದ್ದಾರೆ. 1925ರ ಜನವರಿಯಲ್ಲಿ ನೋಮ್ ಊರಿನ ಮಕ್ಕಳಿಗೆ ಡಿಫ್ತೀರಿಯಾ, ಅಂದರೆ ನಮ್ಮ ಹಿರಿಯರು ಗಂಟಲಮಾರಿ ಎನ್ನುತ್ತಿದ್ದ ರೋಗ ಬಂತು. ಸಮುದ್ರ ಹೆಪ್ಪುಗಟ್ಟಿತ್ತು, ಹಡಗಿಲ್ಲ. ಆ ಚಳಿಗೆ ವಿಮಾನ ಹಾರಿಸುವಂತಿಲ್ಲ. ಔಷಧಿಯನ್ನು ರೈಲಿನಲ್ಲಿ ನೆನಾನಾ ಊರಿಗೆ ತಂದರು. ಅಲ್ಲಿಂದ 674 ಮೈಲಿಯನ್ನು ಇಪ್ಪತ್ತು ಜನ ಸ್ಲೆಡ್ ಸವಾರರು, ಸುಮಾರು 150 ನಾಯಿಗಳು ಕೈಯಿಂದ ಕೈಗೆ ದಾಟಿಸುತ್ತ ಐದೂವರೆ ದಿನದಲ್ಲಿ ಮುಟ್ಟಿಸಿದರು. ಎಲ್ಲರಿಗಿಂತ ಉದ್ದದ, ಎಲ್ಲಕ್ಕಿಂತ ಅಪಾಯದ ಪಾಲು ಓಡಿದ್ದು ಲಿಯೊನಾರ್ಡ್ ಸೆಪ್ಪಾಲನ ತಂಡ. ಅದರ ಮುಂದಾಳು ಹನ್ನೆರಡು ವರ್ಷದ ಮುದಿ ಟೋಗೋ. ಕೊನೆಯ ಪಾಲು ಓಡಿ ಊರೊಳಗೆ ಬಂದ ಬಾಲ್ಟೋ ಎಂಬ ನಾಯಿಗೆ ಅದೇ ವರ್ಷ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರತಿಮೆ ಎದ್ದಿತು. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಆ ಸಣ್ಣ ಮೈಯನ್ನು ನೋಡಿದೆ. ನಮ್ಮ ಮುಧೋಳದ ನಾಯಿಯ ಪಕ್ಕ ನಿಲ್ಲಿಸಿದರೆ ಗಿಡ್ಡವೇ. ಕೈ ತಾನಾಗಿ ಜೋಡಿಸಿಕೊಂಡಿತು.

ಅಲ್ಲಿಯೇ ಇನ್ನೊಂದು ಕಥೆ ಸಿಕ್ಕಿತು. 1960ರ ದಶಕದಲ್ಲಿ ಅಲಾಸ್ಕಾದ ಹಳ್ಳಿಗಳಿಗೆ ಸ್ನೋಮೊಬೈಲ್ ಎಂಬ ಮೋಟಾರು ಬಂಡಿ ಬಂತು. ಜನ ಅದನ್ನು ಕಬ್ಬಿಣದ ನಾಯಿ ಎಂದರು. ಅದಕ್ಕೆ ಚಳಿಗಾಲವಿಡೀ ಮೀನು ಹಾಕಬೇಕಿಲ್ಲ. ನೋಡನೋಡುತ್ತಿದ್ದಂತೆ ಮನೆಗಳ ಹಿಂದಿನ ನಾಯಿಗಳು ಕಾಣೆಯಾದವು. ಅದನ್ನು ಕಂಡು ಸಂಕಟಪಟ್ಟ ಜೋ ರೆಡಿಂಗ್ಟನ್ ಎಂಬ ಹಿರಿಯ, ನಾಯಿಗಳಿಗೆ ಮತ್ತೆ ಒಂದು ಕೆಲಸ ಕೊಡಬೇಕೆಂದು ಹಟ ತೊಟ್ಟು 1973ರಲ್ಲಿ ಆಂಕರೇಜಿನಿಂದ ನೋಮ್‌ವರೆಗೆ ಓಟ ಹೂಡಿದ. ಹೊರಟವರು 34 ಜನ, ಮುಟ್ಟಿದವರು 22. ಗೆದ್ದ ಡಿಕ್ ವಿಲ್ಮಾರ್ತ್‌ಗೆ ಇಪ್ಪತ್ತು ದಿನ ಹಿಡಿಯಿತು. ಇದನ್ನು ಓದುತ್ತಿದ್ದಂತೆ ನನಗೆ ನಮ್ಮ ಓಣಿ ನೆನಪಾಯಿತು. ನಾನು ಹುಡುಗನಾಗಿದ್ದಾಗ ಮನೆಗೊಂದು ಜೋಡೆತ್ತು. ಟ್ರ್ಯಾಕ್ಟರ್ ಬಂತು, ಕೊಟ್ಟಿಗೆ ಖಾಲಿಯಾಯಿತು. ಉಳಿದ ಕೆಲವು ಹೋರಿಗಳು ಉಳಿದದ್ದು ಹಬ್ಬದ ಕಾರಣಕ್ಕೆ. ಕೆಲಸ ಕಳೆದುಕೊಂಡ ಪ್ರಾಣಿಯನ್ನು ಮನುಷ್ಯನ ಮನೆಯಲ್ಲಿ ಉಳಿಸುವುದು ಹಬ್ಬವೇ ಎಂಬ ಮಾತು ಹಾವೇರಿಯಲ್ಲೂ ನಿಜ, ಅಲಾಸ್ಕಾದಲ್ಲೂ ನಿಜ.

ವಸಿಲ್ಲಾ ದಾಟಿ ವಿಲ್ಲೋ. ಹೆದ್ದಾರಿಯಿಂದ ಎಡಕ್ಕೆ ಹೊರಳಿದರೆ ಸ್ಪ್ರೂಸ್ ಮರಗಳ ಕಾಡು, ನಡುವೆ ಬಿಳಿ ದಾರಿ. ಗಾಡಿಯ ಸದ್ದು ಕೇಳಿದ್ದೇ ತಡ ಐವತ್ತು ನಾಯಿಗಳು ಒಟ್ಟಿಗೆ ಬೊಗಳತೊಡಗಿವೆ. ಬಾಗಿಲ ಬಳಿ ಕಾದಿರುವ ಹೆಂಗಸಿಗೆ ಐವತ್ತರ ಆಚೆಯ ವಯಸ್ಸು, ಬಿರುಕು ಬಿಟ್ಟ ಬೆರಳು, ಅಂಗಿಯ ತುಂಬ ನಾಯಿಯ ಕೂದಲು. ಇಪ್ಪತ್ತೆರಡರ ಹರೆಯದಲ್ಲಿ ಕೂಲಿಗೆ ನಾಯಿ ನೋಡಿಕೊಳ್ಳಲು ಇಲ್ಲಿಗೆ ಬಂದು, ಈಗ ಸ್ವಂತ ಕೆನಲ್, ಅಂದರೆ ನಾಯಿಗಳ ಕೊಟ್ಟಿಗೆ ಕಟ್ಟಿಕೊಂಡವರು. ಅಕ್ಕನ ಮಗನಿಗೆ ಪರಿಚಯ. ಹೆಸರು ಬರೆಯುವುದು ಬೇಡ ಎಂದಿದ್ದಾರೆ. ನಮ್ಮೂರಲ್ಲಿ ಹೋರಿ ಸಾಕಿದವರನ್ನು ಕರೆಯುವಂತೆ ಯಜಮಾನಿ ಎಂದೇ ಕರೆಯುತ್ತೇನೆ. ಈ ವರ್ಷ ಅವರೂ ಓಡುತ್ತಿದ್ದಾರೆ.

ಮೊದಲ ಅಚ್ಚರಿ ನಾಯಿಗಳ ರೂಪ. ಸಿನಿಮಾದಲ್ಲಿ ಕಾಣುವ ನೀಲಿ ಕಣ್ಣಿನ, ಉಬ್ಬಿದ ತುಪ್ಪಳದ ನಾಯಿಗಳನ್ನು ನಿರೀಕ್ಷಿಸಿದ್ದೆ. ಇಲ್ಲಿರುವುದು ಅಲಾಸ್ಕನ್ ಹಸ್ಕಿ. ಅದು ಒಂದು ಶುದ್ಧ ತಳಿಯಲ್ಲ. ಚೆನ್ನಾಗಿ ಓಡುವ, ಚೆನ್ನಾಗಿ ಉಣ್ಣುವ, ಗಟ್ಟಿ ಪಾದವಿರುವ ನಾಯಿಗಳನ್ನು ತಲೆತಲೆಮಾರಿನಿಂದ ಕೂಡಿಸುತ್ತ ಬಂದ ಬೆರಕೆ. ಕಪ್ಪು, ಕಂದು, ಬೂದು, ಮಚ್ಚೆಯವು. ತೂಕ ಇಪ್ಪತ್ತರಿಂದ ಇಪ್ಪತ್ತೈದು ಕಿಲೋ. ಉದ್ದ ಕಾಲು, ಕಿರಿದಾದ ಸೊಂಟ. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಬೀದಿನಾಯಿ ಎಂದು ದಾಟಿ ಹೋಗುವಂಥವು.

ಎರಡನೆಯ ಅಚ್ಚರಿ ಹೆಸರು. ಪ್ರತಿ ನಾಯಿಗೂ ಒಂದು ಮರದ ಗೂಡು, ಒಳಗೆ ಒಣಹುಲ್ಲು, ಮುಂದೆ ಗೂಟ, ಗೂಡಿನ ನೆತ್ತಿಯ ಮೇಲೆ ಬಣ್ಣದಲ್ಲಿ ಬರೆದ ಹೆಸರು. ಒಂದು ಸೂಲಿನ ಮರಿಗಳಿಗೆಲ್ಲ ಒಂದೇ ಬಗೆಯ ಹೆಸರಿಡುವುದು ಇಲ್ಲಿನ ರೂಢಿ. ಒಂದು ಸೂಲಿಗೆ ನದಿಗಳು, ಇನ್ನೊಂದಕ್ಕೆ ನಕ್ಷತ್ರಗಳು. ಮೂರನೆಯ ಸಾಲಿಗೆ ಬಂದಾಗ ಸಂಬಾರ ಪದಾರ್ಥಗಳು: ಕ್ಲೋವ್, ನಟ್‌ಮೆಗ್, ಸ್ಯಾಫ್ರನ್, ಕಾರ್ಡಮಮ್. ನಾನು ನಿಂತೇಬಿಟ್ಟೆ. ಕಾರ್ಡಮಮ್ ಅಂದರೆ ಏಲಕ್ಕಿ! ನಮ್ಮೂರಿನಲ್ಲಿ ಏಲಕ್ಕಿಯನ್ನು ಪೋಣಿಸಿ ಹಾರ ಮಾಡುತ್ತಾರೆ, ದೊಡ್ಡವರು ಬಂದರೆ ಅದನ್ನೇ ಹಾಕುತ್ತಾರೆ, ಊರಿನ ಹೆಸರೇ ಅದರ ಕಂಪಿನಿಂದ ಬೆಳೆದಿದೆ ಎಂದೆ. ಯಜಮಾನಿ ನಾಯಿಯ ಕಡೆ ತಿರುಗಿ, "ಕೇಳಿದೆಯಾ, ನಿನ್ನ ಊರಿನವರು ಬಂದಿದ್ದಾರೆ" ಎಂದರು. ಬೂದು ಬಣ್ಣದ ಆ ಹೆಣ್ಣುನಾಯಿ ನನ್ನ ಕೈಗವಸನ್ನು ಹಲ್ಲಿನಿಂದ ಎಳೆದು ಕಿತ್ತುಕೊಂಡಿತು. ಅಂದಿನಿಂದ ನನಗೆ ಅದು ಏಲಕ್ಕಿಯೇ. ತಂಡದ ಮುಂದಾಳು ಅದೇ ಎಂದು ಆಮೇಲೆ ತಿಳಿಯಿತು.

ನಾಲ್ಕು ದಿನ ಅಲ್ಲೇ ಉಳಿದೆ. ಬೆಳಗಿನ ಆರಕ್ಕೆ ದಿನ ಶುರು. ಕಲ್ಲಿನಂತೆ ಗಟ್ಟಿಯಾದ ಮಾಂಸದ ತುಂಡುಗಳನ್ನು ಕೊಡಲಿಯಿಂದ ಕಡಿಯಬೇಕು, ದೊಡ್ಡ ಹಂಡೆಯಲ್ಲಿ ನೀರು ಕಾಯಿಸಬೇಕು, ಮಾಂಸ, ಕೊಬ್ಬು, ಮೀನು, ಒಣ ಆಹಾರ ಎಲ್ಲ ಕದಡಿ ಅಂಬಲಿ ಮಾಡಬೇಕು. ಚಳಿಯಲ್ಲಿ ನಾಯಿ ಬರೀ ನೀರು ಕುಡಿಯಲು ಒಲ್ಲೆ ಎನ್ನುತ್ತದೆ, ನೀರಿಲ್ಲದೆ ಓಡಿದರೆ ಬೀಳುತ್ತದೆ. ಆದ್ದರಿಂದ ನೀರಿಗೆ ಮಾಂಸದ ರುಚಿ ಹತ್ತಿಸಿ ಕುಡಿಸುವ ಉಪಾಯ. ಓಟದ ದಿನಗಳಲ್ಲಿ ಒಂದು ನಾಯಿಗೆ ದಿನಕ್ಕೆ ಸುಮಾರು 10,000 ಕ್ಯಾಲೊರಿ ಬೇಕು. ಆಳೆತ್ತರದ ಮನುಷ್ಯ ಉಣ್ಣುವುದರ ನಾಲ್ಕೈದು ಪಟ್ಟು! ಯಜಮಾನಿ ಸೌಟು ಹಿಡಿದು ಸಾಲು ಸಾಲಾಗಿ ನಡೆಯುತ್ತ ಯಾರು ಎಷ್ಟು ಉಂಡರು, ಯಾರು ಮೂಸಿ ಬಿಟ್ಟರು ಎಂದು ನೋಡುತ್ತಾರೆ. ಆಮೇಲೆ ಸಲಿಕೆ ಮತ್ತು ಬಕೆಟ್. ಐವತ್ತು ನಾಯಿಗಳ ಸಗಣಿ ಎತ್ತುವ ಕೆಲಸ ದಿನಕ್ಕೆ ಎರಡು ಸಲ, ವರ್ಷಕ್ಕೆ 365 ದಿನ. ಎತ್ತುವಾಗಲೂ ಅವರ ಕಣ್ಣು ಅದರ ಮೇಲೆಯೇ: ಬಣ್ಣ ಹೇಗಿದೆ, ಗಟ್ಟಿಯೋ ತೆಳುವೋ. ಯಾವ ನಾಯಿಗೆ ಹುಷಾರಿಲ್ಲ ಎನ್ನುವುದು ಅಲ್ಲೇ ತಿಳಿಯುತ್ತದೆ. ನಮ್ಮಪ್ಪ ಕೊಟ್ಟಿಗೆ ಬಳಿಯುವಾಗ ಸಗಣಿಯನ್ನು ಕಾಲಿನಿಂದ ಸರಿಸಿ ನೋಡುತ್ತಿದ್ದದ್ದು ಇದಕ್ಕೇ. ಎಲ್ಲ ಮುಗಿದಾಗ ಒಂಬತ್ತು ಗಂಟೆ. ಮನುಷ್ಯರ ನಾಷ್ಟಾ ಆಗ.

ಆ ಹೊತ್ತಿಗೆ ನನ್ನ ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು, ಮೊಬೈಲಿನ ಬ್ಯಾಟರಿ ಅರ್ಧ ತುಂಬಿದ್ದರೂ ಚಳಿಗೆ ಕಣ್ಣು ಮುಚ್ಚಿತ್ತು, ಜೇಬಿನಲ್ಲಿದ್ದ ಬಾಳೆಹಣ್ಣಿನಿಂದ ಮೊಳೆ ಹೊಡೆಯಬಹುದಿತ್ತು. ಅಂದಿನಿಂದ ಪೆನ್ಸಿಲ್ಲು ಹಿಡಿದೆ, ಮೊಬೈಲನ್ನು ಬನಿಯನ್ನಿನೊಳಗೆ ಇಟ್ಟೆ, ಬಾಳೆಹಣ್ಣನ್ನು ಒಲೆಯ ಪಕ್ಕ ಬಿಟ್ಟು ಬಂದೆ.

ಮಧ್ಯಾಹ್ನವೆಲ್ಲ ಪಾದಗಳ ಸೇವೆ. ಹಿಮದ ಹರಳು ಬೆರಳುಸಂದಿಗೆ ಹೊಕ್ಕರೆ ಗಾಯವಾಗುತ್ತದೆ, ಆದ್ದರಿಂದ ಓಡುವಾಗ ನಾಯಿಗೆ ಬೂಟಿ ಎಂಬ ಬಟ್ಟೆಯ ಕಾಲುಚೀಲ. ಹದಿನಾಲ್ಕು ನಾಯಿಗೆ ಐವತ್ತಾರು ಬೂಟಿ. ಅವು ಸವೆಯುತ್ತವೆ, ಒದ್ದೆಯಾಗುತ್ತವೆ, ಬದಲಿಸುತ್ತಲೇ ಇರಬೇಕು. ಒಂದು ಓಟಕ್ಕೆ ಸಾವಿರಕ್ಕೂ ಹೆಚ್ಚು. ಕೈಗವಸು ಹಾಕಿಕೊಂಡು ಬೂಟಿ ಕಟ್ಟಲು ಆಗುವುದಿಲ್ಲ, ಬರಿಗೈಯಲ್ಲೇ ಕಟ್ಟಬೇಕು. ಯಜಮಾನಿಯ ಬೆರಳುಗಳ ಬಿರುಕಿನ ಅರ್ಥ ಆಗ ಆಯಿತು. ಪ್ರತಿ ಪಾದಕ್ಕೆ ಮುಲಾಮು ಹಚ್ಚಿ, ಮಣಿಕಟ್ಟು ನೀವಿ, ಭುಜ ಒತ್ತಿ ನೋಡುತ್ತಾರೆ. ಓಟದ ಠಾಣ್ಯಗಳಿಗೆ, ಅಂದರೆ ದಾರಿಯ ತಂಗುದಾಣಗಳಿಗೆ, ಕಳಿಸುವ ಆಹಾರ, ಬೂಟಿ, ಬಟ್ಟೆಯ ಚೀಲಗಳನ್ನು ವಾರಗಳ ಹಿಂದೆಯೇ ಕಟ್ಟಿ ವಿಮಾನಕ್ಕೆ ಒಪ್ಪಿಸಿದ್ದರು.

"ಹಿಮ ಇಲ್ಲದಾಗ ಏನು ಮಾಡುತ್ತೀರಿ?" ಎಂದು ಕೇಳಿದೆ. ಆಗಸ್ಟ್ ಮುಗಿಯುತ್ತಿದ್ದಂತೆ ನಾಯಿಗಳನ್ನು ನಾಲ್ಕು ಚಕ್ರದ ಮೋಟಾರು ಗಾಡಿಗೆ ಕಟ್ಟಿ, ಕೆಸರಿನಲ್ಲಿ ಮೊದಲು ಎರಡು ಮೂರು ಮೈಲಿ, ಆಮೇಲೆ ಹತ್ತು, ಚಳಿಗಾಲದ ಹೊತ್ತಿಗೆ ಐವತ್ತು ಮೈಲಿ ಓಡಿಸುತ್ತಾರೆ. ಬೇಸಿಗೆಯಲ್ಲಿ ನಾಯಿಗಳನ್ನು ಹೆಲಿಕಾಪ್ಟರಿನಲ್ಲಿ ಹಿಮನದಿಯ ಮೇಲೆ ಒಯ್ದು ಪ್ರವಾಸಿಗರನ್ನು ಸ್ಲೆಡ್‌ನಲ್ಲಿ ಕೂರಿಸುತ್ತಾರೆ. ಆ ಹಣ ಚಳಿಗಾಲದ ಮಾಂಸಕ್ಕೆ. ಬಹುಮಾನದಿಂದ ಸಂಸಾರ ನಡೆಯುತ್ತದೆಯೇ ಎಂದರೆ ಅವರು ತಲೆಯಾಡಿಸಿದರು: "ಇದು ಲಾಭಕ್ಕೆ ಮಾಡುವ ಕೆಲಸವಲ್ಲ. ನನಗೆ ಬೇರೆ ಬದುಕು ಬೇಡವಾಗಿತ್ತು, ಅಷ್ಟೇ."

ಮೂರನೆಯ ದಿನ ಸ್ಲೆಡ್ ಹತ್ತುವ ಭಾಗ್ಯ. ಯಜಮಾನಿ ನಾಯಿಗೆ ತೊಡಿಸುವ ಎದೆಪಟ್ಟಿ ಕೈಗೆತ್ತಿಕೊಂಡದ್ದನ್ನು ಕಂಡದ್ದೇ ಐವತ್ತೂ ನಾಯಿಗಳಿಗೆ ಹುಚ್ಚು ಹಿಡಿದಿದೆ. ನನ್ನನ್ನು ಕರೆದುಕೋ, ನನ್ನನ್ನು ಕರೆದುಕೋ ಎಂದು ಗೂಟ ಕೀಳುವಂತೆ ಜಿಗಿಯುತ್ತವೆ. ಕಟ್ಟಿದ ಎಂಟು ನಾಯಿಗಳು ಗಾಳಿಯಲ್ಲಿ ನೆಗೆದು ಹಗ್ಗ ಜಗ್ಗುತ್ತಿವೆ, ಸ್ಲೆಡ್ಡನ್ನು ಮರಕ್ಕೆ ಕಟ್ಟಿರದಿದ್ದರೆ ಯಾವಾಗಲೋ ಹೋಗಿರುತ್ತಿತ್ತು. ಪಕ್ಕದವರ ಮಾತು ಕೇಳದಷ್ಟು ಗದ್ದಲ. ಯಜಮಾನಿ ಹಿಂದಿನ ಹಲಗೆಯ ಮೇಲೆ ನಿಂತು ಗಂಟು ಬಿಚ್ಚುತ್ತಾರೆ. ಸ್ಲೆಡ್ ಚಂಗನೆ ಹಾರುತ್ತದೆ. ಮರುಕ್ಷಣ ಮೌನ. ಒಂದೂ ಬೊಗಳುವುದಿಲ್ಲ. ಹಲಗೆ ಹಿಮದ ಮೇಲೆ ಜಾರುವ ಸುಂಯ್ ಸದ್ದು, ಮೂವತ್ತೆರಡು ಪಾದಗಳ ಸಪ್ಪಳ, ಎಂಟು ಮೂಗುಗಳ ಉಸಿರು, ಇಷ್ಟೇ. ಆ ಮೌನ ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಅದಕ್ಕಿಂತ ದೊಡ್ಡ ಬೆರಗು, ಲಗಾಮಿಲ್ಲ. ಬಾರುಕೋಲಿಲ್ಲ. ನಮ್ಮ ಎತ್ತಿಗೆ ಮೂಗುದಾರ ಉಂಟು, ಎಳೆದರೆ ತಿರುಗುತ್ತದೆ. ಇಲ್ಲಿ ಯಜಮಾನಿಯ ಕೈಯಿಂದ ನಾಯಿಯ ಬಾಯಿಗೆ ಯಾವ ಹಗ್ಗವೂ ಇಲ್ಲ, ಇರುವುದು ಮಾತು. "ಗೀ" ಎಂದರೆ ಬಲ, "ಹಾ" ಎಂದರೆ ಎಡ. ದಾರಿ ಒಡೆಯುವ ಕಡೆ ಅವರು ಮೆಲ್ಲಗೆ, ಅಡುಗೆಮನೆಯಲ್ಲಿ ಉಪ್ಪು ಕೇಳುವ ದನಿಯಲ್ಲಿ "ಹಾ" ಎನ್ನುತ್ತಾರೆ. ಸಾಲಿನ ತುದಿಯಲ್ಲಿ ಏಲಕ್ಕಿಯ ಕಿವಿ ಹಿಂದಕ್ಕೆ ಹೊರಳುತ್ತದೆ, ಇಡೀ ಸಾಲು ಎಡಕ್ಕೆ ಬಾಗುತ್ತದೆ. ಮುಂದಾಳಿನ ಹಿಂದೆ ತಿರುವಿನಲ್ಲಿ ಸಾಲನ್ನು ಎಳೆದು ತರುವ ಜೋಡಿ, ನಡುವೆ ದುಡಿಯುವ ಜೋಡಿಗಳು, ಸ್ಲೆಡ್‌ಗೆ ಅಂಟಿಕೊಂಡು ಭಾರ ಹೊರುವ ಗಟ್ಟಿಮುಟ್ಟಾದ ಜೋಡಿ. ಮುಂದಾಳು ಎಲ್ಲಕ್ಕಿಂತ ಬಲಿಷ್ಠವೇ ಎಂದರೆ, ಅಲ್ಲವಂತೆ, ಯೋಚಿಸುವ ನಾಯಿಯಂತೆ. ಮಂಜುಗಡ್ಡೆ ತೆಳುವಾಗಿದೆ ಅನ್ನಿಸಿದರೆ ಒಳ್ಳೆಯ ಮುಂದಾಳು ಯಜಮಾನರ ಮಾತು ಮೀರಿ ನಿಲ್ಲುತ್ತದೆ. "ಅದು ನಿಂತಾಗ ನಾನು ಬೈಯುವುದಿಲ್ಲ, ಇಳಿದು ನೋಡುತ್ತೇನೆ" ಎಂದರು.

ರಾತ್ರಿ ಒಲೆಯ ಬಳಿ ಕೂತಿದ್ದೇವೆ. ಸೋಫಾದ ತುಂಬ ಓಟ ಬಿಟ್ಟ ಮೂರು ಮುದಿ ನಾಯಿಗಳು, ಮನುಷ್ಯರಿಗೆ ನೆಲ. ಅಕ್ಕನ ಮಗ ಹೊರಗಿನಿಂದ "ಮಾಮಾ, ಲಗೂ ಬರ್ರಿ!" ಎಂದು ಕೂಗುತ್ತಾನೆ. ಮುಗಿಲಿನ ತುಂಬ ಹಸಿರು ಬೆಳಕು ಸೀರೆಯ ಸೆರಗಿನಂತೆ ಬೀಸುತ್ತಿದೆ. ಧ್ರುವಪ್ರಭೆ. ಅದರ ಕೆಳಗೆ ಒಂದು ನಾಯಿ ಮೂತಿ ಎತ್ತಿ ಊಳಿಡುತ್ತದೆ, ಇನ್ನೊಂದು ಸೇರುತ್ತದೆ, ಹತ್ತಾಗುತ್ತದೆ, ಐವತ್ತಾಗುತ್ತದೆ. ನಮ್ಮಲ್ಲಿ ನಾಯಿ ಊಳಿಟ್ಟರೆ ಅಪಶಕುನವೆಂದು ಓಡಿಸುತ್ತಾರೆ. ಇಲ್ಲಿ ಹೊಟ್ಟೆ ತುಂಬಿದ ನಾಯಿಗಳ ಭಜನೆ ಅದು. ಯಾರೂ ಕೈ ಮಾಡದೆ ಎಲ್ಲವೂ ಒಂದೇ ಸಲ ನಿಲ್ಲುತ್ತವೆ.

ಅಂದು ಮನಸ್ಸಿನಲ್ಲಿದ್ದ ಪ್ರಶ್ನೆಯನ್ನೂ ಕೇಳಿದೆ. ಇದು ಹಿಂಸೆ, ಓಟದಲ್ಲಿ ನಾಯಿಗಳು ಸತ್ತಿವೆ, ಸರಪಳಿಯಲ್ಲಿ ಕಟ್ಟುವುದು ತಪ್ಪು ಎಂದು ಪ್ರಾಣಿದಯೆಯವರು ವರ್ಷಗಳಿಂದ ಹೇಳುತ್ತಿದ್ದಾರೆ. ಕೆಲವು ದೊಡ್ಡ ಕಂಪನಿಗಳು ಪ್ರಾಯೋಜಕತ್ವವನ್ನೂ ಬಿಟ್ಟಿವೆ. ಯಜಮಾನಿ ಮುಖ ತಿರುಗಿಸಲಿಲ್ಲ. ಸತ್ತಿರುವುದು ನಿಜ ಎಂದರು. ಅದಕ್ಕೇ ಓಟಕ್ಕೆ ಮೊದಲು ಪ್ರತಿ ನಾಯಿಯ ರಕ್ತಪರೀಕ್ಷೆ, ಹೃದಯದ ಇಸಿಜಿ, ಠಾಣ್ಯಗಳಲ್ಲಿ ಪಶುವೈದ್ಯರು, ದಣಿದ ನಾಯಿಯನ್ನು ಅಲ್ಲೇ ಬಿಟ್ಟರೆ ಸ್ವಯಂಸೇವಕ ಪೈಲಟ್‌ಗಳು ಹೊತ್ತು ತರುತ್ತಾರೆ, ದಾರಿಯಲ್ಲಿ ಒಮ್ಮೆ 24 ಗಂಟೆ, ಎರಡು ಸಲ ಎಂಟೆಂಟು ಗಂಟೆ ಕಡ್ಡಾಯ ವಿಶ್ರಾಂತಿ. "ಟೀಕೆ ಮಾಡುವವರಿಂದ ನಾವು ಕಲಿತಿದ್ದೇವೆ" ಎಂದರು. ನನಗೆ ನಮ್ಮ ಕಂಬಳ ನೆನಪಾಯಿತು. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಿಂತು, ಕಾನೂನು ತಿದ್ದುಪಡಿಯಾಗಿ, 2023ರಲ್ಲಿ ಅದೇ ನ್ಯಾಯಾಲಯದ ಸಂವಿಧಾನ ಪೀಠ ಒಪ್ಪಿದ ಮೇಲೆ ಗಟ್ಟಿಯಾಗಿ ಉಳಿದದ್ದು. ಪ್ರಾಣಿಯ ಹಬ್ಬ ಉಳಿಯಬೇಕಾದರೆ ಪ್ರಾಣಿಯ ಪರವಾದ ಪ್ರಶ್ನೆಯನ್ನು ಕೇಳಿಸಿಕೊಳ್ಳಲೇಬೇಕು.

ಶುಕ್ರವಾರ ನಡುರಾತ್ರಿ ಆಂಕರೇಜಿನ ನಾಲ್ಕನೆಯ ಅವೆನ್ಯೂದಲ್ಲಿ ಲಾರಿಗಳ ಸಾಲು. ಚಳಿಗಾಲವಿಡೀ ರಸ್ತೆಯಿಂದ ಹಿಮ ಎತ್ತಿ ಹೊರಗೆ ಹಾಕುವ ಊರು, ಈ ಒಂದು ರಾತ್ರಿ ಅದೇ ಹಿಮವನ್ನು ಲಾರಿಯಲ್ಲಿ ತಂದು ರಸ್ತೆಗೆ ಸುರಿಯುತ್ತಿದೆ! ನಾಯಿಗಳಿಗೆ ದಾರಿ ಬೇಕಲ್ಲ. 2016ರಲ್ಲಿ ಊರಲ್ಲಿ ಹಿಮವೇ ಸಾಲದೆ ಫೇರ್‌ಬ್ಯಾಂಕ್ಸ್‌ನಿಂದ ರೈಲಿನಲ್ಲಿ ತರಿಸಿದರಂತೆ. 2003, 2015, 2017, 2025, ಈ ನಾಲ್ಕು ವರ್ಷ ಓಟದ ಆರಂಭವನ್ನೇ ಫೇರ್‌ಬ್ಯಾಂಕ್ಸ್‌ಗೆ ಒಯ್ಯಬೇಕಾಯಿತು. ನಮಗೆ ಮಳೆ ಕೈಕೊಟ್ಟಂತೆ ಇವರಿಗೆ ಹಿಮ ಕೈಕೊಡುತ್ತಿದೆ.

ಶನಿವಾರದ ಮೆರವಣಿಗೆ ಅಪ್ಪಟ ಜಾತ್ರೆ. ಎರಡು ನಿಮಿಷಕ್ಕೊಂದು ತಂಡ, ಹನ್ನೊಂದು ಮೈಲಿಯ ಪ್ರದರ್ಶನದ ಓಟ. ಒಂದನೆಯ ನಂಬರನ್ನು ಯಾವ ಸ್ಪರ್ಧಿಗೂ ಕೊಡುವುದಿಲ್ಲ, ಅದು ಗೌರವಕ್ಕೆ ಮೀಸಲು. ಸ್ಪರ್ಧಿಗಳ ನಂಬರು ಶುರುವಾಗುವುದು ಎರಡರಿಂದ. ಮಧ್ಯಾಹ್ನ ಅದೇ ರಸ್ತೆಯಲ್ಲಿ ಹಿಮಸಾರಂಗಗಳನ್ನು ಬಿಡುತ್ತಾರೆ, ಜನ ಅವುಗಳ ಜೊತೆ ಓಡುತ್ತಾರೆ. ಕೊಬ್ಬರಿ ಸರ ಕಟ್ಟಿದ್ದರೆ ನಮ್ಮ ಹೋರಿ ಹಬ್ಬವೇ! ಭಾನುವಾರ ವಿಲ್ಲೋದ ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಜವಾದ ಆರಂಭ. ಕೆರೆಯ ಮೇಲೆ ಜನ, ಒಲೆ, ಚಹಾ, ಮಕ್ಕಳು. ಎರಡೆರಡು ನಿಮಿಷದ ಅಂತರವನ್ನು 24 ಗಂಟೆಯ ವಿಶ್ರಾಂತಿಯಲ್ಲಿ ಸರಿದೂಗಿಸುತ್ತಾರೆ. ಯಜಮಾನಿ ಹೊರಡುವ ಮುನ್ನ ಸಾಲಿನ ಉದ್ದಕ್ಕೂ ನಡೆದು ಒಂದೊಂದು ನಾಯಿಯ ಮುಖ ಹಿಡಿದು ಹೆಸರು ಹೇಳಿದರು. ಆಮೇಲೆ ಅದೇ ಮೌನ. ಕಾಡಿನ ಅಂಚಿನಲ್ಲಿ ಅವರು ಒಂದು ಚುಕ್ಕೆಯಾದರು.

ಮುಂದಿನ ಹತ್ತು ದಿನ ನಾವು ನೋಡಿದ್ದು ಮೊಬೈಲಿನ ನಕ್ಷೆಯ ಮೇಲೆ ತೆವಳುವ ಒಂದು ನಂಬರು. ಪ್ರತಿ ಸ್ಲೆಡ್‌ಗೂ ಜಿಪಿಎಸ್ ಇದೆ. ರೇನಿ ಪಾಸ್, ನಿಕೊಲಾಯ್, ಮೆಕ್‌ಗ್ರಾತ್, ಕಾಲ್ಟಾಗ್, ಉನಲಕ್ಲೀಟ್. ಹೆಸರುಗಳನ್ನು ನಾನು ಜಪದಂತೆ ಕಲಿತೆ. ನಡುವಿನ ದಾರಿ ಸಮ ಸಂಖ್ಯೆಯ ವರ್ಷ ಉತ್ತರಕ್ಕೆ, ಬೆಸ ವರ್ಷ ದಕ್ಷಿಣಕ್ಕೆ ಬಾಗುತ್ತದೆ. ಒಂದೇ ಹಳ್ಳಿಗಳಿಗೆ ಪ್ರತಿ ವರ್ಷ ಹೊರೆಯಾಗದಂತೆ. ಠಾಣ್ಯದಲ್ಲಿ ನಿಂತಾಗ ಏನಾಗುತ್ತದೆ ಎಂದು ಯಜಮಾನಿಯ ಗಂಡ ಹೇಳುತ್ತಿದ್ದರು: ಬೂಟಿ ಬಿಚ್ಚು, ಹುಲ್ಲು ಹಾಸು, ಹಿಮ ಕರಗಿಸಿ ಅಂಬಲಿ ಮಾಡು, ಉಣಿಸು, ಪಾದ ನೋಡು. ನಾಯಿಗಳು ಮಲಗಿದ ಮೇಲೆ ಮನುಷ್ಯನ ಊಟ, ಸಿಕ್ಕರೆ ಒಂದೆರಡು ಗಂಟೆ ನಿದ್ದೆ. ನಾಯಿಗೆ ದಿನಗಳು ಕಳೆದಂತೆ ದೇಹ ಹೊಂದಿಕೊಳ್ಳುತ್ತದೆ, ಮನುಷ್ಯ ಕುಸಿಯುತ್ತ ಹೋಗುತ್ತಾನೆ. ನಿದ್ದೆಗೆಟ್ಟು ಇಲ್ಲದ ಮರ, ಇಲ್ಲದ ಜನ ಕಾಣುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಅನುಭವ. ಮೂಸ್ ಎಂಬ ದೈತ್ಯ ಜಿಂಕೆಯ ಭಯ ಬೇರೆ. 1985ರಲ್ಲಿ ಅದು ಸೂಸನ್ ಬುಚರ್ ಅವರ ತಂಡದ ಮೇಲೆ ಬಿದ್ದು ನಾಯಿಗಳನ್ನು ತುಳಿಯಿತು, ಅವರು ಓಟ ಬಿಟ್ಟರು. ಅದೇ ವರ್ಷ ಶಾಕ್ಟೂಲಿಕ್‌ನಲ್ಲಿ ಉಳಿದವರು ಬಿರುಗಾಳಿಗೆ ಹೆದರಿ ನಿಂತಾಗ ಲಿಬ್ಬಿ ರಿಡಲ್ಸ್ ಒಬ್ಬರೇ ಸಮುದ್ರದ ಮಂಜುಗಡ್ಡೆಗೆ ಇಳಿದು, ಈ ಓಟ ಗೆದ್ದ ಮೊದಲ ಹೆಣ್ಣಾದರು. ಬುಚರ್ ಸೋಲಲಿಲ್ಲ, ಮುಂದೆ ನಾಲ್ಕು ಸಲ ಗೆದ್ದರು.

ನೋಮ್‌ಗೆ ಆಂಕರೇಜಿನಿಂದ ರಸ್ತೆಯಿಲ್ಲ, ವಿಮಾನವೇ ಗತಿ. ಮೂರೂವರೆ ಸಾವಿರ ಜನರ ಊರು, ಎದುರಿಗೆ ಬಿಳಿಯಾಗಿ ಗಟ್ಟಿಯಾದ ಬೇರಿಂಗ್ ಸಮುದ್ರ. ಮುಖ್ಯ ಬೀದಿಯಲ್ಲಿ ಮರದ ದಿಮ್ಮಿಯ ಕಮಾನು, ಅದೇ ಗುರಿ. ಕಮಾನಿನ ಬಳಿ ಒಂದು ಲಾಂದ್ರ ಉರಿಯುತ್ತಿದೆ. ಕೊನೆಯ ತಂಡ ಬರುವವರೆಗೆ ಅದನ್ನು ಆರಿಸುವುದಿಲ್ಲ. ಕಟ್ಟಕಡೆಗೆ ಬಂದವರಿಗೆ ಕೆಂಪು ಲಾಂದ್ರದ ಬಹುಮಾನ. ಸೋತವನಿಗಾಗಿ ದೀಪ ಹಚ್ಚಿಟ್ಟು ಕಾಯುವ ಸ್ಪರ್ಧೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. 1978ರಲ್ಲಿ ಇದೇ ಬೀದಿಯಲ್ಲಿ, ಹದಿನಾಲ್ಕು ದಿನ ಓಡಿದ ಮೇಲೆ, ಡಿಕ್ ಮ್ಯಾಕಿ ರಿಕ್ ಸ್ವೆನ್ಸನ್‌ಗಿಂತ ಒಂದು ಸೆಕೆಂಡ್ ಮುಂದೆ ಬಂದರು. ಮುಂದಾಳು ನಾಯಿಯ ಮೂಗು ನೋಡಿ ತೀರ್ಪು ಕೊಟ್ಟರು.

ತಂಡವೊಂದು ಹತ್ತಿರ ಬಂದಾಗ ಊರಿನಲ್ಲಿ ಸೈರನ್ ಕೂಗುತ್ತದೆ. ಹೋಟೆಲಿನಿಂದ, ಮನೆಯಿಂದ ಜನ ಎದ್ದು ಬರುತ್ತಾರೆ. ಗೆದ್ದವರು ಬಂದು ಎರಡು ದಿನ ಕಳೆದ ಮೇಲೆ, ಬೆಳಗಿನ ಜಾವ ಮೂರು ಗಂಟೆಗೆ ನಮ್ಮ ಸೈರನ್ ಕೂಗಿತು. ಆ ಹೊತ್ತಿನಲ್ಲೂ ಬೀದಿಯಲ್ಲಿ ನೂರು ಜನ. ಕತ್ತಲಲ್ಲಿ ಹಣೆದೀಪವೊಂದು ತೂಗುತ್ತ ಬರುತ್ತಿದೆ. ಮುಂದೆ ಏಲಕ್ಕಿ, ಹಿಂದೆ ಹತ್ತು ನಾಯಿಗಳು. ಮೂರನ್ನು ದಾರಿಯಲ್ಲಿ ಇಳಿಸಿದ್ದರು. ಯಜಮಾನಿಯ ರೆಪ್ಪೆಗಳ ಮೇಲೆ ಹಿಮದ ಮಣಿ, ಕೆನ್ನೆಯ ಮೇಲೆ ಚಳಿ ಸುಟ್ಟ ಕಪ್ಪು ಕಲೆ. ಗಂಡ ತೋಳು ಚಾಚಿ ಎದುರಿಗೆ ನಿಂತಿದ್ದಾರೆ, ಯಾರೋ ಬಿಸಿ ಲೋಟ ಹಿಡಿದಿದ್ದಾರೆ. ಅವರು ಯಾರ ಕಡೆಯೂ ನೋಡಲಿಲ್ಲ. ಸ್ಲೆಡ್ಡಿನ ಚೀಲದಿಂದ ಮೀನಿನ ತುಂಡುಗಳನ್ನು ತೆಗೆದು, ಸಾಲಿನ ಮುಂದಿನಿಂದ ಹಿಂದಿನವರೆಗೆ ಒಂದೊಂದು ನಾಯಿಗೂ ಹೆಸರು ಕರೆದು ಕೊಟ್ಟರು. ಆಮೇಲೆ ಗಂಡನನ್ನು ತಬ್ಬಿದರು.

ಸುಗ್ಗಿಯ ರಾತ್ರಿ ಎಷ್ಟೇ ಹೊತ್ತಾಗಿ ಬಂದರೂ ನಮ್ಮಪ್ಪ ಎತ್ತುಗಳಿಗೆ ನೀರು ತೋರಿಸಿ, ಹಿಂಡಿ ಇಟ್ಟು, ಬೆನ್ನು ತಟ್ಟಿದ ಮೇಲೇ ತಾನು ಕೈಕಾಲು ತೊಳೆಯುತ್ತಿದ್ದ. ಸುಮಾರು ಹತ್ತು ಸಾವಿರ ಕಿಲೋಮೀಟರ್ ಆಚೆ, ಸಮುದ್ರವೇ ಕಲ್ಲಾಗುವ ಊರಿನಲ್ಲಿ, ಅದೇ ಕ್ರಮವನ್ನು ಕಂಡೆ: ಮೊದಲು ಅವಕ್ಕೆ, ಆಮೇಲೆ ನಮಗೆ. ಓಟ ಹತ್ತು ದಿನದ್ದು. ಅದನ್ನು ಓಡಿಸುವುದು ಉಳಿದ ದಿನಗಳ ಅಂಬಲಿ, ಸಲಿಕೆ ಮತ್ತು ಮುಲಾಮು. ಮುಂದಿನ ಸಲ ಹೋರಿ ಹಬ್ಬಕ್ಕೋ ಕಂಬಳಕ್ಕೋ ಹೊರಟವರು ದಯವಿಟ್ಟು ಒಂದು ದಿನ ಮುಂಚೆ ಹೋಗಿ. ಸಂಜೆಯ ಹೊತ್ತಿಗೆ ಯಾವುದಾದರೂ ಒಂದು ಕೊಟ್ಟಿಗೆಗೆ ಹೋಗಿ ನಿಲ್ಲಿ. ನೋಡಬೇಕಾದದ್ದು ಅಲ್ಲಿದೆ.